ಮಸರಕಲ್ ಅವ್ವನ ಬ್ಯಾಟರಿ ಯಾಕೆ ಸತ್ತಿತು

ನಾನು ಮೊರದಲ್ಲಿ ಜೋಳ ಹರವಿಕೊಂಡು ಹರಳು ಆರಿಸುತ್ತಿದ್ದೆ. ಬೆಳಗಿನ ಹತ್ತು ಗಂಟೆ ಇರಬೇಕು. ನಮ್ಮ ಅಂಗಡಿಯ ಪಕ್ಕದ ಸಿಂಪಿಗ ಬಾಗಿಲಲ್ಲಿ ಬಂದು ನಿಂತ. ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಇತ್ತು, ಅಂಗಿಯ ತೋಳೆಲ್ಲ ಒದ್ದೆಯಾಗಿತ್ತು.

"ಅಕ್ಕಾರ, ಲಗೂ ಬರ್ರಿ. ಬ್ಯಾಟರಿ ಸಿಡೀತು. ಅಣ್ಣಾರ ಮಾರಿ ಮ್ಯಾಲ ಆ್ಯಸಿಡ್ ಬಿದ್ದದ."

ದೇವದುರ್ಗದ ಬಸ್ ನಿಲ್ದಾಣದ ಹತ್ತಿರ ನನ್ನ ಗಂಡನ ಬ್ಯಾಟರಿ ಚಾರ್ಜಿಂಗ್ ಅಂಗಡಿ. ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ಸುತ್ತಲಿನ ಹಳ್ಳಿಗಳಲ್ಲಿ ಕರೆಂಟು ಇದ್ದೂ ಇಲ್ಲದ ಹಾಗೆ. ಟ್ರ್ಯಾಕ್ಟರಿನವರು, ಮೈಕ್ ಸೆಟ್ಟಿನವರು ಮೊದಲಿನಿಂದಲೂ ಬರುತ್ತಿದ್ದರು. ಆಮೇಲೆ ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಟಿವಿ ಬಂತು. ಭಾನುವಾರ ಬೆಳಿಗ್ಗೆ ಅದರಲ್ಲಿ ದೇವರ ಕಥೆ ಬರತೊಡಗಿದ ಮೇಲೆ ಶನಿವಾರದ ದಿನ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಗೋಣಿಚೀಲದಲ್ಲಿ ಬ್ಯಾಟರಿ ಸುತ್ತಿಕೊಂಡು ಬಸ್ಸಿನ ಮೇಲೇರಿಸುವಾಗ ಜನ ಕೂಸನ್ನು ಎತ್ತಿಕೊಟ್ಟ ಹಾಗೆ ಕೊಡುತ್ತಿದ್ದರು. ಇದೆಲ್ಲ ನನಗೆ ಕೇಳಿ ಗೊತ್ತೇ ಹೊರತು ಮಾಡಿ ಗೊತ್ತಿರಲಿಲ್ಲ. ನನ್ನ ಕೆಲಸ ಒಲೆಯ ಮುಂದೆ ಮತ್ತು ದೇವರ ಮುಂದೆ.

ಆ ದಿನ ಇವರು ಅವಸರ ಮಾಡಿದರು. ಚಾರ್ಜರಿನ ಸ್ವಿಚ್ ಆರಿಸದೆ ಬ್ಯಾಟರಿಯ ಕ್ಲಿಪ್ ಕಿತ್ತರು. ಕಿಡಿ ಹಾರಿತು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಏಳುವ ಗ್ಯಾಸಿಗೆ ಅಷ್ಟೇ ಸಾಕು. ಮುಚ್ಚಳ ಸಿಡಿದು ಮುಖಕ್ಕೇ ಬಡಿದಿತ್ತು. ಸಿಂಪಿಗ ಓಡಿ ಬಂದು ಇವರ ತಲೆಯನ್ನು ನೀರಿನ ಹರವಿಯಲ್ಲೇ ಅದ್ದಿದ್ದ. ನಳದಲ್ಲಿ ಅಂದು ನೀರು ಬಂದಿತ್ತು, ಹರವಿ ತುಂಬಿತ್ತು. ಹಿಂದಿನ ದಿನವಾಗಿದ್ದರೆ ಅದರ ತಳ ಒಣಗಿರುತ್ತಿತ್ತು. ನಮ್ಮ ಮನೆದೇವರು ಹನುಮಪ್ಪ ಮಾಡಿದ ಉಪಕಾರಗಳಲ್ಲಿ ಅದನ್ನು ನಾನು ಮೊದಲು ಎಣಿಸುತ್ತೇನೆ.

ಜೀಪಿನಲ್ಲಿ ರಾಯಚೂರಿನ ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ನೀರಲ್ಲಿ ತೊಳೆದದ್ದು ಒಳ್ಳೆಯದಾಯಿತು, ಇಪ್ಪತ್ತು ದಿನ ಇಲ್ಲೇ ಇರಲಿ, ಆಮೇಲೆ ನೋಡೋಣ ಎಂದರು. ರಾಯಚೂರಿನಲ್ಲೇ ಇರುವ ನನ್ನ ಭಾವ, ಅಂದರೆ ಇವರ ಅಣ್ಣ, ಬಂದರು. ಅಂಗಡಿಗೆ ಡಿಸ್ಟಿಲ್ಡ್ ವಾಟರಿನ ಡಬ್ಬಿ ತಂದು ಹಾಕುವವರೂ ಅವರೇ. ನೀರನ್ನು ಕಾಯಿಸಿ, ಅದರ ಆವಿಯನ್ನು ತಣಿಸಿ ಹಿಡಿದ ನೀರು ಅದು. ಬ್ಯಾಟರಿಗೆ ಅದೊಂದೇ ಕುಡಿಯುವ ನೀರು.

"ಅಂಗಡಿ ಕೀಲಿ ನನಗ ಕೊಡು," ಎಂದರು ಭಾವ. "ನೀ ಆರಾಮ ಆಗಿ ಬರೋತನಕ ನಾ ನಡಸ್ತೀನಿ."

ಇವರು ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿದರು. "ಬ್ಯಾಡ. ಇಕಿ ನಡಸ್ಲಿ. ನಾ ಹೇಳಿಕೊಡ್ತೀನಿ."

ಯಾಕೆ ಹಾಗೆಂದರೋ ನನಗೆ ಆಗ ತಿಳಿಯಲಿಲ್ಲ. ನನ್ನ ಮೇಲಿನ ಭರವಸೆ ಎಂದುಕೊಂಡೆ. ಅಣ್ಣನ ಕೈಗೆ ಕೀಲಿ ಹೋದರೆ ವಾಪಸು ಬರುವುದಿಲ್ಲ ಎಂಬುದು ಇವರಿಗೆ ಗೊತ್ತಿತ್ತು, ಅಷ್ಟೇ.

ಎರಡು ದಿನ ಮಂಚದ ಪಕ್ಕ ಕೂತು ಕಲಿತೆ. ಬ್ಯಾಟರಿಗೆ ಆರು ಬಾಯಿ, ಒಂದೊಂದು ಬಾಯಿಯ ಕೆಳಗೆ ಒಂದೊಂದು ಕೋಣೆ. ಚಾರ್ಜಿಗೆ ಇಡುವ ಮೊದಲು ಆರೂ ಮುಚ್ಚಳ ತೆಗೆಯಬೇಕು. ಒಳಗಿನ ಸೀಸದ ಹಲಗೆಗಳು ಮುಳುಗಿ ಬೆರಳ ಅಗಲದಷ್ಟು ಮೇಲೆ ನೀರು ನಿಲ್ಲಬೇಕು. ಕಡಿಮೆ ಇದ್ದರೆ ಡಬ್ಬಿಯ ನೀರು, ಲಾಳಿಕೆಯಿಂದ, ಸ್ವಲ್ಪ ಸ್ವಲ್ಪ. ನೋಡಲು ಕಡ್ಡಿ ಗೀರಬಾರದು. ಮೊದಲು ಕ್ಲಿಪ್, ಆಮೇಲೆ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್, ಆಮೇಲೆ ಕ್ಲಿಪ್. ಇದನ್ನು ನನ್ನಿಂದ ಹತ್ತು ಸಲ ಹೇಳಿಸಿದರು. ಅವಸರಕ್ಕೆ ಕರೆಂಟು ಜಾಸ್ತಿ ಬಿಟ್ಟರೆ ಹಲಗೆಗಳು ಬಾಗುತ್ತವೆ. ಮೈಮುಟ್ಟಿ ನೋಡಬೇಕು, ಜ್ವರ ಬಂದ ಮಗುವಿನಷ್ಟು ಬಿಸಿಯಾದರೆ ಆರಿಸಿ ಬಿಡಬೇಕು. ಗಾಜಿನ ಕೊಳವೆಗೆ ರಬ್ಬರ್ ಬುರುಡೆ ಇರುವ ಹೈಡ್ರೋಮೀಟರ್ ಒಂದಿತ್ತು. ಅದರಿಂದ ಕೋಣೆಯ ನೀರು ಎಳೆದರೆ ಒಳಗೆ ಒಂದು ತೇಲುಕಡ್ಡಿ ಏಳುತ್ತದೆ. ಕಡ್ಡಿಯ ಕೆಂಪು ಗೆರೆಗೆ ನಿಂತರೆ ಹೊಟ್ಟೆ ಖಾಲಿ, ಹಸಿರಿಗೆ ನಿಂತರೆ ತುಂಬಿದೆ.

ದೇವದುರ್ಗಕ್ಕೆ ಮರಳಿ ಅಂಗಡಿ ತೆರೆದೆ. ಕೆಲಸ ನನಗೆ ಕಷ್ಟ ಅನ್ನಿಸಲಿಲ್ಲ. ಅನ್ನದ ಪಾತ್ರೆ ಕುದಿಯುವುದನ್ನು ಕಿವಿಯಲ್ಲೇ ತಿಳಿಯುವವಳಿಗೆ ಆರು ಕೋಣೆ ಸಮನಾಗಿ ಗುಳುಗುಳು ಅನ್ನುತ್ತಿವೆಯೋ ಇಲ್ಲವೋ ತಿಳಿಯದೇ? ಬೆಳಿಗ್ಗೆ ಅಂಗಡಿಯ ಲಕ್ಷ್ಮಿ ಪಟಕ್ಕೆ ಊದಿನಕಡ್ಡಿ ಹಚ್ಚುವ ಬದಲು ಹೂ ಮಾತ್ರ ಏರಿಸಿದೆ. ಅಲ್ಲಿ ಕಿಡಿ ಬೇಡ ಎಂದು ದೇವಿಗೂ ಹೇಳಿಬಿಟ್ಟೆ. ಕ್ಲಿಪ್ ಕಚ್ಚುವ ಟರ್ಮಿನಲ್ಲುಗಳ ಮೇಲೆ ಕೂತ ಬಿಳಿ ಹಸಿರು ಬೂಷ್ಟನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದೆ. ಲಾಳಿಕೆಯನ್ನು ತಿಕ್ಕಿ ಕರ್ರಗೆ ಹೊಳೆಯುವ ಹಾಗೆ ಒರೆಸಿ ಮೊಳೆಗೆ ಹಾಕಿದೆ. ಎರಡು ಸೀರೆ ಆ್ಯಸಿಡ್ಡಿಗೆ ತೂತಾದವು. ಮೈಗೆ ಬೀಳಲಿಲ್ಲ, ಅದೂ ಒಂದು ಉಪಕಾರ.

ಮುಟ್ಟಾದ ಮೂರು ದಿನ ಅಂಗಡಿಗೆ ಬೀಗ ಹಾಕಿದೆ. ಲಕ್ಷ್ಮಿ ಪಟ ಇರುವ ಜಾಗ ಅದು. ನಮ್ಮ ಮನೆಯ ಪದ್ಧತಿ, ನಾನು ಬಿಟ್ಟವಳಲ್ಲ. ಗಿರಾಕಿಗಳು ಗೊಣಗಿದರು. ನಾಲ್ಕನೆಯ ದಿನ ತಲೆ ಮೇಲೆ ನೀರು ಹಾಕಿಕೊಂಡು ಹೋಗಿ ಬಾಗಿಲು ತೆರೆದೆ.

ಎರಡನೆಯ ವಾರಕ್ಕೆ ಬ್ಯಾಟರಿಗಳು ತಿರುಗಿ ಬರತೊಡಗಿದವು. ಮೊದಲು ಒಬ್ಬ ಮೈಕ್ ಸೆಟ್ಟಿನವನು ಬಂದ. "ಅಕ್ಕಾರ, ಮದುವಿ ಮನ್ಯಾಗ ತಾಳಿ ಕಟ್ಟೂದ್ರೊಳಗ ಮೈಕ್ ಮಲಗಿಬಿಡ್ತು. ಭಟ್ಟರು ಮಂತ್ರ ಹೇಳೂದು ಬಿಟ್ಟು ನನಗ ಬೈದ್ರು," ಎಂದ. ಆಮೇಲೆ ಟ್ರ್ಯಾಕ್ಟರಿನವನೊಬ್ಬ. ಎರಡನ್ನೂ ನಾನೇ ಹಸಿರು ಗೆರೆ ನೋಡಿ ಕೊಟ್ಟಿದ್ದೆ. ಮತ್ತೆ ಚಾರ್ಜಿಗಿಟ್ಟೆ, ಹಸಿರಿಗೆ ಬಂದವು. ಎರಡು ದಿನ ಸುಮ್ಮನೆ ಇಟ್ಟು ನೋಡಿದರೆ ಕೆಂಪು. ಯಾರೂ ಬಳಸಿಲ್ಲ, ಏನೂ ಉರಿಸಿಲ್ಲ, ತಾವೇ ತಮ್ಮನ್ನು ತಿಂದುಕೊಂಡಿದ್ದವು.

ದವಾಖಾನೆಗೆ ಹೋಗಿ ಹೇಳಿದೆ. ಭಾವನವರೂ ಅಲ್ಲೇ ಕೂತಿದ್ದರು.

"ಹೆಣ್ಣುಮಕ್ಕಳು ಕೈ ಹಾಕಿದ್ರ ಹಿಂಗ ಆಗೂದು," ಎಂದರು ಭಾವ. ಪಕ್ಕದ ಮಂಚದವರೆಲ್ಲ ಕೇಳುವ ಹಾಗೆ ಹೇಳಿದರು. "ಮುಟ್ಟು ಮೈಲಿಗಿ ನೋಡಿರಂಗಿಲ್ಲ. ಬ್ಯಾಟರಿ ಅಂದ್ರ ಲಕ್ಷ್ಮಿ. ಲಕ್ಷ್ಮಿ ಸುಮ್ನ ಇರ್ತಾಳೇನು?"

ನಾನು ಇವರ ಬಾಯನ್ನೇ ನೋಡಿದೆ. ಮೂರು ದಿನ ಬೀಗ ಹಾಕಿದ್ದು ಇವರಿಗೆ ಹೇಳಿಯೇ ಹಾಕಿದ್ದೆ. ಇವರು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಾ ಬಿಚ್ಚುತ್ತಾ ಮಲಗಿದ್ದರು.

ನಾಚಿಕೆಯಿಂದ ಹೇಳುತ್ತೇನೆ, ನಾನೂ ಎರಡು ದಿನ ಆ ಮಾತನ್ನು ನಂಬಿದೆ. ಲೆಕ್ಕ ತಪ್ಪಿ ಒಂದು ದಿನ ಮೊದಲೇ ಒಳಗೆ ಹೋದೆನೇನೋ ಎಂದು ಬೆರಳು ಮಡಚಿ ಎಣಿಸಿದೆ. ಅಂಗಡಿಗೆಲ್ಲ ಗೋಮೂತ್ರ ಚಿಮುಕಿಸಿದೆ. ಹನುಮಪ್ಪನಿಗೆ ಐದು ಶನಿವಾರ ಎಣ್ಣೆ ಎರೆಯುತ್ತೇನೆಂದು ಹರಕೆ ಹೊತ್ತೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಸಿಟ್ಟು ಅವರ ಮೇಲೆ ಎಷ್ಟೋ ಅಷ್ಟೇ ನನ್ನ ಮೇಲೂ.

ಸೋಮವಾರ ಮಸರಕಲ್ಲಿನ ಅವ್ವ ಬಂದಳು. ಕುರಿ ಸಾಕುವ ಮನೆಯ ಮುದುಕಿ, ಬ್ಯಾಟರಿಯನ್ನು ಕಂಬಳಿಯಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತುಕೊಂಡೇ ಬಸ್ ನಿಲ್ದಾಣದಿಂದ ಬರುತ್ತಿದ್ದಳು. ಅವಳ ಮಗಳು ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಹಾಸಿಗೆ ಹಿಡಿದಿದ್ದಳು. ಆ ಮಗಳು ನೋಡಲಿ ಎಂದು ಎಂಟು ಕುರಿ ಮಾರಿ ಟಿವಿ, ಹೊಸ ಬ್ಯಾಟರಿ ತಂದವಳು. ಭಾನುವಾರ ಊರ ಹೆಣ್ಣುಮಕ್ಕಳೆಲ್ಲ ಅವಳ ಅಂಗಳಕ್ಕೆ ಬಂದು ಕೂರುತ್ತಿದ್ದರಂತೆ. ವಾರಕ್ಕೊಮ್ಮೆ ಆ ಮನೆಯಲ್ಲಿ ಜನ ಕೂಡುವುದು ಅಷ್ಟೇ.

ಬ್ಯಾಟರಿಯನ್ನು ಧೊಪ್ಪನೆ ನನ್ನ ಮುಂದೆ ಇಟ್ಟಳು. "ತಗೋ ಬೇ. ನಿನ್ನ ಹೆಣ ನೀನ ಇಟ್ಕೋ."

"ಯವ್ವಾ, ಏನಾತು?"

"ದೇವರು ಬಾಣ ಹೂಡಿ ನಿಂತಿದ್ದ. ಟಿವಿ ಆರಿತು. ನನ್ನ ಮಗಳು ಬಾಣ ಯಾರಿಗೆ ಬಿತ್ತು ಅಂತ ನಿನ್ನೆ ಮುಂಜಾನಿಂದ ಕೇಳಾಕತ್ಯಾಳ. ನಾ ಏನ್ ಹೇಳ್ಲಿ? ದೇವದುರ್ಗದ ಅಂಗಡ್ಯಾಕಿಗೆ ಬಿತ್ತು ಅಂತ ಹೇಳ್ಲೇನು?" ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು. "ಜನಾ ಎದ್ದು ಹೋದ್ರು. ಮುಂದಿನ ವಾರ ಗೌಡರ ಮನಿಗೆ ಹೋಗ್ತೀವಿ ಅಂದ್ರು. ನನ್ನ ಮಗಳ್ನ ಹೊತ್ಕೊಂಡು ಹೋಗವ್ರು ಯಾರು?"

ಹೈಡ್ರೋಮೀಟರ್ ಹಾಕಿದೆ. ಆರೂ ಕೋಣೆ ಕೆಂಪು. ಎರಡು ಕೋಣೆಯಲ್ಲಂತೂ ತೇಲುಕಡ್ಡಿ ಎದ್ದೇಳಲೇ ಇಲ್ಲ.

"ನಾನು ಚಂದ ಮಾಡೇ ಕೊಟ್ಟಿದ್ದೆ ಯವ್ವಾ. ನನ್ನ ಕೈಯಿಂದ ಏನೋ ಮೈಲಿಗಿ ಆಗ್ಯದ ಅಂತ ನಮ್ಮ ಭಾವನವ್ರು ಅಂತಾರ."

ಮುದುಕಿ ನನ್ನನ್ನು ಕೆಳಗಿಂದ ಮೇಲೆ ನೋಡಿದಳು. "ಮೈಲಿಗಿ? ಕುರಿ ಈಯೂದು ನಾವು ಮುಟ್ಟಾಗಿದ್ದು ನೋಡಿ ನಿಲ್ತದೇನು? ಕೈಯಾಗ ಮರಿ ಹಿಡೀತೀವಿ, ಒಂದೂ ಸತ್ತಿಲ್ಲ. ಬ್ಯಾಟರಿ ಕುರಿಗಿಂತ ಮಡೀನೇನು?" ನನಗೆ ನಗು ಬರಲಿಲ್ಲ. ಅವಳ ಕಣ್ಣು ಆಗಲೇ ಗೋಡೆಯ ಮೇಲಿತ್ತು. "ನೀ ಏನ್ ಕುಡಸ್ತಿ ಇದಕ್ಕ? ಆ ಲಾಳಿಕಿ ಯಾತರದು? ನಮ್ಮನಿ ನೀರ ಹಂಡೆದಂಗ ಆಗ್ಯದಲ್ಲ."

ಎದ್ದು ಲಾಳಿಕೆ ಕೈಗೆ ತೆಗೆದುಕೊಂಡೆ. ಒಳಗೆಲ್ಲ ಬಿಳಿ ಪೊರೆ. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಉದುರಿತು. ನಮ್ಮ ಕಡೆ ಬೋರಿನ ನೀರು ಕಾಯಿಸುವ ಹಂಡೆಗೆ ಕಟ್ಟುತ್ತದಲ್ಲ, ಅದೇ ಉಪ್ಪು. ನಾನು ಹದಿನೈದು ದಿನದ ಹಿಂದೆ ತಿಕ್ಕಿ ಒರೆಸಿ ಇಟ್ಟ ಲಾಳಿಕೆ. ಅದರಲ್ಲಿ ಇಳಿದದ್ದು ಡಬ್ಬಿಯ ನೀರು ಒಂದೇ. ಆವಿ ನೀರಿಗೆ ಉಪ್ಪು ಎಲ್ಲಿಂದ ಬರಬೇಕು?

ಮೆಡಿಕಲ್ ಅಂಗಡಿಗೆ ಹೋದೆ. ಇಂಜೆಕ್ಷನ್ ಪುಡಿ ಕಲಸುವ ನೀರಿನ ಸಣ್ಣ ಗಾಜಿನ ಶೀಶೆ ತಂದೆ. ಅದೂ ಶುದ್ಧ ಮಾಡಿದ ನೀರೇ. ಮನೆಯಿಂದ ಮೂರು ಸ್ಟೀಲ್ ತಾಟು ತಂದು ಒರೆಸಿದೆ. ಒಂದರಲ್ಲಿ ಶೀಶೆಯ ನೀರು, ಒಂದರಲ್ಲಿ ಬೋರಿನ ನೀರು, ಒಂದರಲ್ಲಿ ಡಬ್ಬಿಯ ನೀರು. ಮೂರನ್ನೂ ಅಂಗಡಿಯ ಕಟ್ಟೆಯ ಮೇಲೆ ಬಿಸಿಲಿಗಿಟ್ಟೆ. ಬೇಸಿಗೆಯ ಬಿಸಿಲು, ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಿಂಪಿಗ ಮಿಷನ್ ನಿಲ್ಲಿಸಿ ಬಂದು ನಿಂತ. ಮುದುಕಿ ನೊಣ ಓಡಿಸುತ್ತಾ ಕೂತಳು.

ಶೀಶೆಯ ತಾಟು ಒಣಗಿ ಹೊಳೆಯಿತು. ಇನ್ನೆರಡರಲ್ಲಿ ಬಿಳಿ ಉಂಗುರ. ಯಾವುದು ಬೋರಿನದು, ಯಾವುದು ಡಬ್ಬಿಯದು ಎಂದು ಇಟ್ಟವಳಿಗೇ ಗುರುತು ಸಿಗದ ಹಾಗೆ ಒಂದೇ ಥರ.

"ಅಕ್ಕಾರ," ಎಂದ ಸಿಂಪಿಗ ಮೆಲ್ಲಗೆ, "ಇದು ಹನುಮಪ್ಪ ಮಾಡಿದ್ದಲ್ಲ."

ಹಾಗೆ ಎಷ್ಟು ದಿನದಿಂದ ಜನರ ಬ್ಯಾಟರಿಗೆ ಬೋರಿನ ನೀರು ಕುಡಿಸಿದ್ದೆನೋ. ನನ್ನ ಕೈಯಾರೆ, ದೇವರಿಗೆ ಕೈಮುಗಿದು. ಒಂದು ಡಬ್ಬಿಯನ್ನೂ ಅದರ ನೀರು ಒಣಗಿದ ತಾಟನ್ನೂ ಎತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ರಾಯಚೂರಿಗೆ ಹೊರಟೆ. ದಾರಿಯುದ್ದಕ್ಕೂ ಭಾವನಿಗೆ ಏನು ಹೇಳಬೇಕು ಎಂದು ಮಾತು ಜೋಡಿಸುತ್ತಾ ಹೋದೆ. ಇವರಿಗೆ ಮೋಸವಾಗಿದೆ, ಇವರು ಕೇಳಿದರೆ ಎದ್ದು ಕೂರುತ್ತಾರೆ ಎಂದೇ ನನ್ನ ಲೆಕ್ಕ.

ಭಾವ ಅಲ್ಲಿರಲಿಲ್ಲ. ಇವರ ಕೈ ಹಿಡಿದು ಒಣಗಿದ ತಾಟಿನ ಮೇಲೆ ಬೆರಳು ಆಡಿಸಿದೆ. "ಇದು ಡಬ್ಬಿ ನೀರು ಒಣಗಿದ್ದು. ನಿಮ್ಮ ಅಣ್ಣ ಬೋರಿನ ನೀರು ತುಂಬಿ ಕೊಡಾಕತ್ಯಾರ."

ಇವರು ಎದ್ದು ಕೂರಲಿಲ್ಲ. ಬೆರಳನ್ನು ಹೊದಿಕೆಗೆ ಒರೆಸಿಕೊಂಡರು.

"ಬ್ಯಾಸಿಗ್ಯಾಗ ಆ ನೀರು ಸಿಗಂಗಿಲ್ಲ," ಎಂದರು. "ಅಣ್ಣ ಅರ್ಧಕ್ಕರ್ಧ ಬೆರಸ್ತೀನಿ ಅಂದಿದ್ದ. ನಾ ಇಲ್ಲದ್ದು ನೋಡಿ ಪೂರಾನ ತುಂಬ್ಯಾನ ಕಾಣಸ್ತದ."

"ನಿಮಗ ಗೊತ್ತಿತ್ತೇನು?"

"ಎಲ್ಲಾರೂ ಹಾಕ್ತಾರ. ಸ್ವಲ್ಪ ಹಾಕಿದ್ರ ಏನಾಗಂಗಿಲ್ಲ. ಗಂಡಸರ ಯಾಪಾರ, ನಿನಗ ತಿಳಿಯಂಗಿಲ್ಲ."

"ಅವತ್ತು ನಿಮ್ಮ ಅಣ್ಣ ಮೈಲಿಗಿ ಅಂದ್ರು. ವಾರ್ಡಿನ ಮಂದಿ ಎಲ್ಲ ನನ್ನ ಮಾರಿ ನೋಡಿದ್ರು. ನಿಮ್ಮ ಕಣ್ಣು ಕಟ್ಟಿದ್ರು, ಬಾಯಿ ಕಟ್ಟಿರ್ಲಿಲ್ಲ."

ಮಾನವಿಯ ನನ್ನ ತವರಿನಿಂದ ಈ ಮನೆಗೆ ಬಂದ ದಿನದಿಂದ ಇವರಿಗೆ ಎದುರು ಮಾತು ಆಡಿದವಳಲ್ಲ ನಾನು. ಅಂದು ಇನ್ನೂ ಬಹಳ ಆಡಬೇಕೆಂದಿತ್ತು. ಪಟ್ಟಿಯ ಕೆಳಗೆ ಕೆನ್ನೆಯ ಸುಟ್ಟ ಗಾಯ ಕಂಡಿತು, ಬಾಯಿ ಮುಚ್ಚಿದೆ. ಸಿಟ್ಟು ಮಾತ್ರ ಹಾಗೇ ಇತ್ತು, ಇಳಿಯಲಿಲ್ಲ.

ಹೊರಗೆ ಬಂದು ದವಾಖಾನೆಯ ಮೆಟ್ಟಿಲ ಮೇಲೆ ಕೂತೆ. ಎರಡು ದಾರಿ ಇದ್ದವು. ಮೈಲಿಗೆಯ ಮಾತನ್ನು ತಲೆಯ ಮೇಲೆ ಹೊತ್ತುಕೊಂಡರೆ ಗಂಡನ ಅಂಗಡಿಯ ಹೆಸರು ಉಳಿಯುತ್ತದೆ, ನಾನು ಒಲೆಯ ಮುಂದೆ ಹೋಗಿ ಕೂರಬಹುದು. ನಿಜ ಹೇಳಿದರೆ ಗಿರಾಕಿ ಉಳಿಯುವುದಿಲ್ಲ. ಆದರೆ ಮೈಲಿಗೆ ಎಂಬುದು ನನಗೆ ಆಟದ ಮಾತಲ್ಲ. ನಾನು ದಿನವೂ ದೇವರ ಮುಂದೆ ನಿಲ್ಲುವವಳು. ಇಲ್ಲದ ತಪ್ಪನ್ನು ದೇವರ ಹೆಸರಲ್ಲಿ ಒಪ್ಪಿಕೊಂಡರೆ ಅದೇ ಪಾಪ. ಎದ್ದು ಸೀರೆ ಕೊಡವಿಕೊಂಡೆ.

ಸ್ಟೇಶನ್ ರಸ್ತೆಯಲ್ಲಿ ಹಳೆಯ ಬ್ಯಾಟರಿ ಮಿಸ್ತ್ರಿ ಒಬ್ಬರಿದ್ದರು, ಗಡ್ಡದ ಮುದುಕರು. ತಾಟು ತೋರಿಸಿ ಕೇಳಿದೆ, ಈ ನೀರು ಕುಡಿದ ಬ್ಯಾಟರಿಗಳು ಉಳಿಯುತ್ತವೆಯೇ ಎಂದು.

"ಬ್ಯಾಟರಿ ಬೋರಲು ಹಾಕಿ ಚೆಲ್ಲಬ್ಯಾಡ ಬೇಟಿ," ಎಂದರು. "ತಳದಾಗಿನ ರಾಡಿ ಹಲಗಿ ನಡುವ ಸಿಕ್ಕೊಂಡ್ರ ಖತಂ. ಬುರುಡೀಲೆ ಜಗ್ಗಿ ತಗೀ. ಒಮ್ಮೆ ಅಸಲಿ ನೀರಿಲೆ ತೊಳಿ. ಹೊಸ ಆ್ಯಸಿಡ್ ಹಾಕಿ ಸಣ್ಣ ಕರೆಂಟಿನ್ಯಾಗ ಎರಡು ದಿನ ಬಿಡು. ಉಳಿದ್ರ ಉಳಿದ್ವು." ಅವರ ಹತ್ತಿರವೇ ಮುಚ್ಚಳಕ್ಕೆ ಅರಗು ಹಾಕಿದ ಡಬ್ಬಿ ನೀರು, ಕಲಸಿದ ಆ್ಯಸಿಡ್ ಕೊಂಡೆ. ಬಸ್ಸಿನವನು ಆ್ಯಸಿಡ್ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಹತ್ತಿ ಸಾಗಿಸುವ ಲಾರಿಯೊಂದರಲ್ಲಿ ಮರುದಿನ ದೇವದುರ್ಗಕ್ಕೆ ತಂದೆ.

ಮೂರು ಬ್ಯಾಟರಿಯ ಹದಿನೆಂಟು ಕೋಣೆ. ಮೊದಲು ಹತ್ತುವಷ್ಟು ಚಾರ್ಜ್ ಹತ್ತಿಸಿ, ಬುರುಡೆಯಿಂದ ಒಂದೊಂದೇ ಗುಟುಕು ಎಳೆದು ಮಣ್ಣಿನ ಗಡಿಗೆಗೆ ಬಿಟ್ಟೆ. ಗಡಿಗೆಯಲ್ಲಿ ಸುಣ್ಣ ಹಾಕಿದ್ದೆ, ಬುಸ್ಸೆನ್ನುತ್ತಿತ್ತು. ಕೈಯ ಚರ್ಮ ಸುಲಿಯಿತು. ಕರೆಂಟು ಹೋದಾಗಲೆಲ್ಲ ಓಡಿ ಸ್ವಿಚ್ ಆರಿಸಿದೆ, ಬಂದಾಗ ಮತ್ತೆ ಹಚ್ಚಿದೆ. ಅಷ್ಟರಲ್ಲಿ ಬಂದ ಗಿರಾಕಿಗಳಿಗೆಲ್ಲ ಒಂದೇ ಮಾತು ಹೇಳಿದೆ: ನಮ್ಮ ಡಬ್ಬಿ ನೀರು ಖೋಟಾ ಇತ್ತು, ನಿಮ್ಮ ಬ್ಯಾಟರಿಗೂ ಹಾಕಿದ್ದೇವೆ, ತಂದು ತೋರಿಸಿ. ಕೆಲವರು ಬೈದರು. ಒಬ್ಬ ನಮ್ಮ ಬಾಗಿಲಲ್ಲೇ ಉಗುಳಿ ಹೋದ. ಮೈಕ್ ಸೆಟ್ಟಿನವನು ಮಾತ್ರ, "ಹೇಳಿದ್ರಲ್ಲ, ಅದ ಬಾಳ," ಎಂದು ಕೂತು ಒಂದು ಬೀಡಿ ಹಚ್ಚಲು ಹೋದ. ಅವನ ಕೈಯ ಮೇಲೆ ಹೊಡೆದೇ ಹೊರಗೆ ಕಳಿಸಿದೆ.

ಮೈಕಿನದೂ ಟ್ರ್ಯಾಕ್ಟರಿನದೂ ಉಳಿದವು. ಹಸಿರಿಗೆ ಬಂದು, ಆಮೇಲೂ ಹಸಿರಲ್ಲೇ ನಿಂತವು. ಅವ್ವನ ಬ್ಯಾಟರಿಯ ಎರಡು ಕೋಣೆ ಗುಳುಗುಳು ಅನ್ನಲೇ ಇಲ್ಲ. ಕಿವಿ ಇಟ್ಟು ಕೇಳಿದೆ. ಒಂದು ಗುಳ್ಳೆ ಇಲ್ಲ. ಹೊಸ ಬ್ಯಾಟರಿ. ಸಾಯುವ ವಯಸ್ಸಾಗಿರಲಿಲ್ಲ ಅದಕ್ಕೆ.

ಅಂಗಡಿಯಲ್ಲಿ ನಮ್ಮದೇ ಒಂದು ಬ್ಯಾಟರಿ ಇತ್ತು, ಕರೆಂಟು ಹೋದಾಗ ದೀಪಕ್ಕೆಂದು ಇವರು ಇಟ್ಟುಕೊಂಡದ್ದು. ಅದರ ನೀರನ್ನೂ ಬದಲಿಸಿ, ಚಾರ್ಜ್ ಮಾಡಿ, ಶುಕ್ರವಾರದ ಬಸ್ಸಿನಲ್ಲಿ ನಾನೇ ಮಸರಕಲ್ಲಿಗೆ ಹೊತ್ತುಕೊಂಡು ಹೋಗಿ ಕೊಟ್ಟೆ. ಆ ಮಗಳು ಬಾಗಿಲ ಎದುರಿನ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಭಾನುವಾರಕ್ಕೆ ಮೊದಲೇ ತಲೆ ಬಾಚಿಕೊಂಡಿದ್ದಳು.

"ಯಾರ ತಪ್ಪು ಬೇ ಇದು?" ಎಂದು ಕೇಳಿದಳು ಮುದುಕಿ.

"ನಮ್ಮ ಅಂಗಡೀದು ಯವ್ವಾ."

"ಅಂಗಡಿಗಿ ಬಾಯಿ ಇಲ್ಲ. ನಾ ಮನಶ್ಯಾರ ಹೆಸರು ಕೇಳಾಕತ್ತೀನಿ. ಹೇಳವ್ರು ಹೇಳ್ಲಿ, ಬರ್ತೀನಿ ಈ ಶನಿವಾರ ಬಿಟ್ಟು ಬರೂ ಶನಿವಾರ."

ಮರುವಾರ ಇವರು ಮನೆಗೆ ಬಂದರು. ಬಲಗಣ್ಣು ಮೊದಲಿನ ಹಾಗೇ ಇತ್ತು, ಎಡಗಣ್ಣಿಗೆ ಮಂಜು. ಎರಡೂ ಹೋಗಬಹುದಿತ್ತು, ಒಂದು ಪೂರಾ ಉಳಿಯಿತು. ಎಣಿಸಲೇಬೇಕಾದ ಉಪಕಾರ, ಎಣಿಸಿದ್ದೇನೆ. ಶನಿವಾರ ಕರಿ ಕನ್ನಡಕ ಹಾಕಿಕೊಂಡು ಅಂಗಡಿಯ ಸ್ಟೂಲಿನ ಮೇಲೆ ಕೂತರು. ಭಾವನವರೂ ಬಂದರು, ಕೈಯಲ್ಲಿ ಎರಡು ಡಬ್ಬಿ. ಕಟ್ಟೆಯ ಮೇಲೆ ಗಿರಾಕಿಗಳಿದ್ದರು, ಮುದುಕಿ ಹೇಳಿದ ಹಾಗೆ ಬಂದು ಕೂತಿದ್ದಳು. ನಾನು ಭಾವನ ಡಬ್ಬಿ ತೆರೆದು ತಾಟಿಗೆ ಸುರಿದು ಬಿಸಿಲಿಗಿಟ್ಟೆ.

"ಏನ್ ಹುಡುಗಾಟಿಕಿ ಇದು?" ಎಂದರು ಭಾವ. "ತಮ್ಮಾ, ನಿನ್ನ ಹೆಂಡತಿಗಿ ಹೇಳು."

ಇವರು ತಾಟಿನ ಕಡೆ ಮುಖ ತಿರುಗಿಸಿದರು. ಬಿಸಿಲಿಗೆ ತಾಟು ಒಣಗಿತು. ಬಿಳಿ ಉಂಗುರ ಕಂಡ ಕೂಡಲೇ ಭಾವ ಡಬ್ಬಿಗಳನ್ನು ಅಲ್ಲೇ ಬಿಟ್ಟು ಬಸ್ ನಿಲ್ದಾಣದ ಕಡೆ ನಡೆದರು.

ಮುದುಕಿ ಇವರ ಕಡೆ ತಿರುಗಿದಳು. "ಯಪ್ಪಾ, ನನ್ನ ಬ್ಯಾಟರಿ ಯಾರು ಕೊಂದ್ರು? ನಿನ್ನ ಹೆಂಡತಿ ಮುಟ್ಟಿದ್ದಕ್ಕ ಸತ್ತದ ಅಂತ ಊರಾಗ ಮಾತು ಅದ."

"ನೀರಿಂದು ತಪ್ಪಾಗ್ಯದ ಯವ್ವಾ," ಎಂದರು ಇವರು.

"ನೀರು ತಾನ ನಡಕೊಂಡು ಬಂತೇನು?" ಎಂದೆ ನಾನು. ಕಟ್ಟೆಯ ಮೇಲಿನವರೆಲ್ಲ ನನ್ನನ್ನು ನೋಡಿದರು. ನೋಡಲಿ ಎಂದು ನಿಂತೆ.

ಇವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. "ನನಗ ಗೊತ್ತಿತ್ತು," ಎಂದರು ಕೊನೆಗೆ. "ಗೊತ್ತಿದ್ದ ಹಾಕಿಸ್ದೆ. ಇಕೀದು ಏನೂ ತಪ್ಪಿಲ್ಲ."

ದನಿ ಸಣ್ಣದಿತ್ತು. ಆದರೂ ಸಿಂಪಿಗನ ಮಿಷನ್ ನಿಂತಿತ್ತು, ಎಲ್ಲರಿಗೂ ಕೇಳಿಸಿತು. ದವಾಖಾನೆಯಲ್ಲಿ ಹೇಳಬೇಕಾಗಿದ್ದ ಮಾತು. ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಹೈಡ್ರೋಮೀಟರನ್ನು ಶುದ್ಧ ನೀರಲ್ಲಿ ತೊಳೆದು ಇವರ ಕೈಗೆ ಕೊಟ್ಟು ಮನೆಗೆ ಬಂದೆ. ಹಿತ್ತಲಲ್ಲಿ ಬೆಳಿಗ್ಗೆ ಒಗೆಯಲು ನೆನೆಹಾಕಿದ ಎರಡು ಕೌದಿ ಇದ್ದವು. ಸೀರೆ ಎತ್ತಿ ಕಟ್ಟಿ ತುಳಿಯಲು ನಿಂತೆ.